‘ಗಲಿವರ್ಸ್ ಟ್ರಾವೆಲ್ಸ್’, ‘ಡ್ರಾಕುಲಾ’ ಮೊದಲು ಬಂದಿದ್ದು ಲಂಡನ್ನಿನಲ್ಲಿ ಅಲ್ವಾ? ಮತ್ತೆ ಅವು ಐರಿಶ್ ಪುಸ್ತಕ ಹೇಗೆ?

ಬರೆದವರು ಐರ್ಲೆಂಡಿನ ರಾಜಧಾನಿ ಡಬ್ಲಿನ್ನಿನವರು, ಅದಕ್ಕೆ. ಜೊನಾಥನ್ ಸ್ವಿಫ್ಟ್, ಬ್ರಾಮ್ ಸ್ಟೋಕರ್ ಇಬ್ಬರೂ ಹುಟ್ಟಿದ್ದು ಅಲ್ಲೇ. ಸ್ವಿಫ್ಟ್ ಅಂತೂ ಅಲ್ಲಿನ ಸೇಂಟ್ ಪ್ಯಾಟ್ರಿಕ್ ಚರ್ಚಿನ ಮುಖ್ಯಸ್ಥನಾಗಿದ್ದ.

ಆದರೆ ದುಡ್ಡು ಇದ್ದಿದ್ದು ಲಂಡನ್ನಿನಲ್ಲಿ. 1710ರ ಬ್ರಿಟಿಷ್ ಕಾಪಿರೈಟ್ ಕಾನೂನು ಐರ್ಲೆಂಡಿಗೆ ಅನ್ವಯಿಸುತ್ತಿರಲಿಲ್ಲ. ಹೊಸ ಪುಸ್ತಕ ಲಂಡನ್ನಿನಲ್ಲಿ ಬಂದರೆ ಸಾಕು, ಡಬ್ಲಿನ್ನಿನ ಮುದ್ರಕರು ಅದನ್ನೇ ಮತ್ತೆ ಅಚ್ಚು ಹಾಕಿ ಅಗ್ಗಕ್ಕೆ ಮಾರುತ್ತಿದ್ದರು. ಲೇಖಕನಿಗೆ ಬಿಡಿಗಾಸೂ ಕೊಡಬೇಕಿರಲಿಲ್ಲ! ಬರೆದು ಬದುಕಬೇಕು ಅನ್ನುವವರು ಲಂಡನ್ ದಾರಿ ಹಿಡಿಯದೆ ಇನ್ನೇನು ಮಾಡ್ತಾರೆ? 1801ರಲ್ಲಿ ಕಾನೂನು ಐರ್ಲೆಂಡಿಗೂ ಬಂತು. ಅಗ್ಗದ ಅಚ್ಚಿನ ವ್ಯಾಪಾರ ಕುಸಿದು ಡಬ್ಲಿನ್ ಪ್ರಕಾಶನ ಇನ್ನೂ ಸೊರಗಿತು. ಹೀಗಾಗಿ 1897ರ ‘ಡ್ರಾಕುಲಾ’ ಕೂಡ ಲಂಡನ್ನಿನದೇ.

ಜೇಮ್ಸ್ ಜಾಯ್ಸ್‌ನ ‘ಯುಲಿಸಿಸ್’ ಇನ್ನೂ ವಿಚಿತ್ರ. ಕಥೆಯೆಲ್ಲ ಡಬ್ಲಿನ್ನಿನಲ್ಲೇ ನಡೆಯುತ್ತದೆ, ಪುಸ್ತಕವಾಗಿದ್ದು ಮಾತ್ರ 1922ರಲ್ಲಿ, ಪ್ಯಾರಿಸ್ಸಿನಲ್ಲಿ.