ಮೂವತ್ತು ಜನ ಸಾಲದೇ?

ನಾಟಿಂಗ್‌ಹ್ಯಾಮ್‌ನಲ್ಲಿರುವ ಓದುಗರೊಬ್ಬರು ಬರೆದಿದ್ದಾರೆ: "ಇಂಗ್ಲೆಂಡಿನ ಹಳೆಯ ಸಂಗೀತಕಾರ ವಿಲಿಯಂ ಬರ್ಡ್ ತೀರಿಕೊಂಡು 2023ಕ್ಕೆ 400 ವರ್ಷ ಎಂದು ನಿಮ್ಮಲ್ಲಿ ಓದಿ ಲಿಂಕನ್ ಕ್ಯಾಥೆಡ್ರಲ್‌ಗೆ ಹೋಗಿದ್ದೆ. ಸಂಜೆಯ ಈವನ್‌ಸಾಂಗ್‌ನಲ್ಲಿ (ಹಾಡಿ ಮಾಡುವ ಸಂಜೆ ಪ್ರಾರ್ಥನೆ) ಬರ್ಡ್‌ನ ಸಂಗೀತ ಹತ್ತು ನಿಮಿಷವೂ ಇರಲಿಲ್ಲ. ಮಿಕ್ಕಿದ್ದೆಲ್ಲ ಓದು, ಪ್ರಾರ್ಥನೆ. ಕೂತಿದ್ದವರು ಮೂವತ್ತು ಜನ. ಚಪ್ಪಾಳೆಯೂ ಇಲ್ಲ. ಅಷ್ಟು ದೊಡ್ಡವನನ್ನು ನೆನೆಯೋದು ಹೀಗಾ? ಒಳ್ಳೆಯ ಸಭಾಂಗಣದಲ್ಲಿ ಕಛೇರಿ ಇಡಬಾರದಿತ್ತೇ?"

ಇಡಬಹುದು. ಇಡೀ ಸಂಜೆ ಅವನನ್ನೇ ಕೇಳುವ ಸುಖ ಕಛೇರಿಯಲ್ಲಿ ಸಿಗುತ್ತದೆ, ಒಪ್ಪುತ್ತೇನೆ. ಆದರೆ ನೀವು ದೂರಿದ ಆ ಸಂಜೆಯೇ ನನಗೆ ಜಾಸ್ತಿ ಇಷ್ಟ.

1563ರಲ್ಲಿ ಲಿಂಕನ್‌ಗೆ ಬಂದಾಗ ಬರ್ಡ್‌ಗೆ ಇಪ್ಪತ್ತು ದಾಟಿತ್ತು ಅಷ್ಟೆ. ಆರ್ಗನ್ ನುಡಿಸಬೇಕು, ಹುಡುಗರಿಗೆ ಹಾಡು ಕಲಿಸಬೇಕು. 1569ರಲ್ಲಿ ಆಡಳಿತದವರು ಅವನ ಸಂಬಳ ತಡೆಹಿಡಿದರು. ಅವನು ಲಂಡನ್‌ಗೆ, ರಾಣಿಯ ಪ್ರಾರ್ಥನೆಗೆ ಹಾಡುವ ಚಾಪೆಲ್ ರಾಯಲ್ ತಂಡಕ್ಕೆ ಹೋದ ಮೇಲೆ ಅದೇ ಜನ ಸಂಬಳದ ಕಾಲುಭಾಗವನ್ನು ವರ್ಷಗಟ್ಟಲೆ ಕಳಿಸಿದರು. ಚರ್ಚಿಗೆ ಹಾಡು ಬರೆದು ಕಳಿಸುತ್ತಿರಬೇಕು ಎಂಬುದೇ ಷರತ್ತು. ದಿನದ ಪ್ರಾರ್ಥನೆಗೆ ಹಾಡು ಬೇಕು, ಅದನ್ನು ಬರೆಯುವವನು ಬರ್ಡ್. ಸಂಬಂಧ ಇದ್ದದ್ದು ಹಾಗೆ.

ಇನ್ನು ಮೂವತ್ತು ಜನದ ಮಾತು. ಬರ್ಡ್ ಕ್ಯಾಥಲಿಕ್. ಎಲಿಜಬೆತ್ ರಾಣಿಯ ಪ್ರೊಟೆಸ್ಟಂಟ್ ಇಂಗ್ಲೆಂಡಿನಲ್ಲಿ ಕ್ಯಾಥಲಿಕರ ಪೂಜೆ, ಅಂದರೆ ಮಾಸ್, ಅಪರಾಧ. 1590ರ ದಶಕದ ಮೊದಲಲ್ಲಿ ಅವನು ಮೂರು, ನಾಲ್ಕು, ಐದು ದನಿಗಳಿಗೆಂದು ಆ ಪೂಜೆಯ ಮೂರು ಹಾಡುಗಟ್ಟುಗಳನ್ನು ಅಚ್ಚು ಹಾಕಿಸಿದ. ತೆಳ್ಳನೆಯ ಪುಸ್ತಕಗಳು, ಒಂದೊಂದು ದನಿಗೆ ಒಂದೊಂದು. ಮುಖಪುಟವಿಲ್ಲ, ಇಸವಿಯಿಲ್ಲ, ಮುದ್ರಕನ ಹೆಸರಿಲ್ಲ. ತನ್ನ ಹೆಸರನ್ನು ಮಾತ್ರ ಹಾಳೆಗಳ ನೆತ್ತಿಯಲ್ಲಿ ಉಳಿಸಿದ. ಎಂಥ ಎದೆಗಾರಿಕೆ ನೋಡಿ! 1605ರಲ್ಲಿ ಲಂಡನ್ನಿನಲ್ಲಿ ಫ್ರೆಂಚ್ ಮನುಷ್ಯನೊಬ್ಬ ಬರ್ಡ್‌ನ 'ಗ್ರಾಡುಆಲಿಯಾ' ಎಂಬ ಕ್ಯಾಥಲಿಕ್ ಹಾಡುಗಳ ಪುಸ್ತಕ ಇಟ್ಟುಕೊಂಡಿದ್ದಕ್ಕೆ ಜೈಲು ಸೇರಿದ. ಇವನ್ನೆಲ್ಲ ಹಾಡುತ್ತಿದ್ದದ್ದು ಎಸೆಕ್ಸ್‌ನ ಪೀಟರ್ ಮನೆತನದಂಥ ಕ್ಯಾಥಲಿಕರ ಮನೆಗಳಲ್ಲಿ, ಬಾಗಿಲು ಹಾಕಿಕೊಂಡು, ಬೆರಳೆಣಿಕೆಯ ಜನರ ನಡುವೆ. ಅಲ್ಲಿ ಚಪ್ಪಾಳೆ ತಟ್ಟೋರು ಯಾರು? ನಿಮ್ಮ ಮೂವತ್ತು ಜನ ಬರ್ಡ್‌ಗೆ ದೊಡ್ಡ ಸಭೆ.

ನಾನೂ ಒಂದು ಚಳಿಗಾಲದ ಸಂಜೆ ಲಿಂಕನ್‌ನಲ್ಲಿ ಕೂತಿದ್ದೆ. ಕೆತ್ತನೆಯ ಹಳೆಯ ಮರದ ಆಸನಗಳು. ಹಾಡುವವರು ಎದುರುಬದುರು ಎರಡು ಸಾಲು, ಒಂದು ಸಾಲಿನವರು ಬಿಟ್ಟಲ್ಲಿಂದ ಇನ್ನೊಂದು ಸಾಲಿನವರು ಎತ್ತಿಕೊಳ್ಳುತ್ತಾರೆ. ಆ ದಿನದ ಪಾಲಿನ ಬೈಬಲ್ ಕೀರ್ತನೆ ಮೊದಲು. ಪ್ರಾರ್ಥನಾ ಪುಸ್ತಕ 150 ಕೀರ್ತನೆಗಳನ್ನು 30 ದಿನಕ್ಕೆ ಹಂಚಿಟ್ಟಿದೆ, ಪಾರಾಯಣದ ಹಾಗೆ. ಆಮೇಲೆ ಮರಿಯಳ ಹಾಡು, ಮುದುಕ ಸಿಮೆಯೋನನ ಹಾಡು. ಕೊನೆಗೆ ಬರ್ಡ್‌ನ ಲ್ಯಾಟಿನ್ ಹಾಡು 'ಆವೆ ವೇರುಂ ಕಾರ್ಪಸ್'. 'ಆವೆ' ಮುಗಿಯುವಾಗ ಮಕ್ಕಳ ದನಿ ಒಂದು ಸ್ವರದ ಮೇಲೆ ನಿಲ್ಲುತ್ತದೆ. ಮರುಕ್ಷಣ 'ವೇರುಂ' ಎನ್ನುವಾಗ ಅದೇ ಸ್ವರ ಅರ್ಧ ಇಳಿದು ಗಂಡಸರ ಕೆಳದನಿಯಲ್ಲಿ ಬರುತ್ತದೆ. ಕಾಲಡಿಯ ನೆಲ ಸರಿದಂತಾಯಿತು. ಅರ್ಧ ಗಂಟೆ ಕೀರ್ತನೆ, ಓದು, ಮೌನದಲ್ಲಿ ಕಿವಿ ಹದವಾಗಿರದಿದ್ದರೆ ಆ ಅರ್ಧ ಸ್ವರ ನನಗೆ ತಾಕುತ್ತಿರಲಿಲ್ಲ. ನೀವು "ಮಿಕ್ಕಿದ್ದೆಲ್ಲ" ಅಂದಿರಲ್ಲ, ಅದರ ಕೆಲಸ ಇದು.

ನನ್ನ ಸಂಕಟ ಬೇರೆಯೇ ಇದೆ. ವಾರ್ಷಿಕೋತ್ಸವ ಎಂದರೆ ದುಡ್ಡು ಹುಟ್ಟುತ್ತದೆ, ದಿನದ ಹಾಡಿಗೆ ಹುಟ್ಟುವುದಿಲ್ಲ. ಬರ್ಡ್‌ನನ್ನು ಎಲ್ಲರೂ ಕೊಂಡಾಡುತ್ತಿದ್ದ 2023ರ ಮಾರ್ಚ್‌ನಲ್ಲೇ ಬಿಬಿಸಿ ತನ್ನ 'ಬಿಬಿಸಿ ಸಿಂಗರ್ಸ್' ತಂಡವನ್ನು ಮುಚ್ಚುತ್ತೇವೆ ಎಂದಿತು. 1924ರಿಂದ ಹಾಡುತ್ತಿದ್ದ ತಂಡ! ಜನ ತಿರುಗಿಬಿದ್ದ ಮೇಲೆ ಆ ಯೋಚನೆ ಕೈಬಿಟ್ಟರು. 2020ರಲ್ಲಿ ಶೆಫೀಲ್ಡ್ ಕ್ಯಾಥೆಡ್ರಲ್ ತನ್ನ ಹಾಡುವ ತಂಡವನ್ನೇ (ಕಾಯಿರ್) ವಿಸರ್ಜಿಸಿತ್ತು. ಎಂಟು ವರ್ಷದ ಮಗು ದಿನಾ ಅಭ್ಯಾಸ ಮಾಡಿ, ಬರೆದ ಸ್ವರಗಳನ್ನು ನೋಡಿದ ಕೂಡಲೇ ಹಾಡೋದು ಕಲಿಯಲು ವರ್ಷಗಳು ಬೇಕು. ಆ ಮಕ್ಕಳು ಇಲ್ಲದಿದ್ದರೆ ನಿಮ್ಮ ಕಛೇರಿಗಾದರೂ ಹಾಡುವವರನ್ನು ಎಲ್ಲಿಂದ ತರುತ್ತೀರಿ?

ನೀವು ಅಷ್ಟು ದೂರ ಹೋಗಿ ಕೇಳಿ, ಬೇಸರವಾದರೂ ಮುಚ್ಚಿಡದೆ ಬರೆದಿರಿ, ಅದಕ್ಕೆ ಸಂತೋಷ. ಮತ್ತೊಮ್ಮೆ ಹೋಗಿ, ಯಾವ ವಿಶೇಷವೂ ಇಲ್ಲದ ದಿನ. ಟಿಕೆಟ್ ಇಲ್ಲ. ಹಾಡುವವರ ಹತ್ತಿರವೇ ಕೂರಲು ಜಾಗ ಕೇಳಿ. ಏನನಿಸಿತೆಂದು ಬರೆಯಿರಿ, ಆ ಪತ್ರವನ್ನೂ ಹಾಕುತ್ತೇವೆ.

— ಸಂ.