ಆಪ್ತಸಲಹೆ ಪ್ರಕರಣ: ಊರಿಗೆ ಹೋಗುವ ಫೋಟೋ, ಸಾಲದ ಹಣ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಆತನ ಒಪ್ಪಿಗೆ ಪಡೆದೇ ಬರೆದಿದ್ದೇನೆ.)

ಕೆ.ಯನ್ನು ನನ್ನ ಬಳಿ ಕಳಿಸಿದ್ದು ಆತನ ಫಿಸಿಯೋಥೆರಪಿಸ್ಟ್. ಮಂಡಿ ಸುಧಾರಿಸುತ್ತಿದೆ, ಆದರೆ ರಾತ್ರಿ ನಿದ್ದೆಯಿಲ್ಲ, ಬೇಡವೆಂದರೂ ಕದ್ದು ಓಡುತ್ತಾನೆ ಎಂಬುದು ಅವರ ದೂರು. ವಯಸ್ಸು ಇಪ್ಪತ್ತೈದರ ಆಸುಪಾಸು, ಘಾನಾದ ಕರಾವಳಿಯವನು, ಫುಟ್‌ಬಾಲ್ ಆಟಗಾರ, ಗೋಲು ಹೊಡೆಯುವ ಸೆಂಟರ್ ಫಾರ್ವರ್ಡ್.

ಭಾರತಕ್ಕೆ ಕರೆತಂದ ಏಜೆಂಟ್ ಮನೆಯವರಿಂದ ಮೊದಲೇ ಹಣ ವಸೂಲಿ ಮಾಡಿದ್ದ. ಬೇರೊಂದು ರಾಜ್ಯದ ಕ್ಲಬ್ಬಿನಲ್ಲಿ ಮೊದಲ ಸೀಸನ್ ಚೆನ್ನಾಗಿಯೇ ನಡೆಯಿತು. ಎರಡನೆಯದರಲ್ಲಿ ಮೂರು ತಿಂಗಳ ಸಂಬಳ ಬರಲಿಲ್ಲ. ಯಾರಿಗೂ ಒಂದು ಸಾಲು ಬರೆಯದೆ ಗಂಟುಮೂಟೆ ಕಟ್ಟಿದ ಕೆ. ನೇರ ಮಲಬಾರಿಗೆ ಹೋಗಿ ಸೆವೆನ್ಸ್ ಆಡತೊಡಗಿದ. ಅಲ್ಲಿ ಏಳು ಜನರ ಈ ಆಟಕ್ಕೆ ಗ್ಯಾಲರಿ ತುಂಬಿ ತುಳುಕುತ್ತದೆ, ಆಫ್ರಿಕಾದ ಆಟಗಾರರೆಂದರೆ ಪ್ರೀತಿ, ಪಂದ್ಯಕ್ಕಿಷ್ಟು ಅಂತ ನಗದು. ವಿಮೆ ಮಾತ್ರ ಇರಲಿಲ್ಲ. ಮಂಡಿಯೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿದ ದಿನ ಸಿಕ್ಕಿದ್ದು ಅವತ್ತಿನ ಸಂಭಾವನೆ, ಜೊತೆಗೆ ಬಸ್ ಚಾರ್ಜು. ಬೆಂಗಳೂರಿನ ಹೆಣ್ಣೂರಿನಲ್ಲಿ ಊರಿನ ಹುಡುಗರು ರೂಮು ಮಾಡಿಕೊಂಡಿದ್ದರು, ಇಲ್ಲಿಗೆ ಬಂದ. ನನ್ನ ಬಳಿ ಬರುವ ಹೊತ್ತಿಗೆ ಆಪರೇಷನ್ ಆಗಿ ಐದು ತಿಂಗಳಾಗಿತ್ತು.

ಊರಿನಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಪರಿಚಯದ ಟರ್ಫ್‌ಗೆ ಹೋಗಿ, ಹಳೆಯ ಕ್ಲಬ್ಬಿನ ಜೆರ್ಸಿ ತೊಟ್ಟು, ಮಂಡಿಯ ಬ್ರೇಸ್ ಕಾಣದ ಹಾಗೆ ಸೊಂಟದಿಂದ ಮೇಲಕ್ಕೆ ಫೋಟೋ ತೆಗೆಸಿ ಸ್ಟೇಟಸ್‌ಗೆ ಹಾಕುತ್ತಿದ್ದ. ನನಗೂ ತೋರಿಸಿದ. ನಗು ಚೆನ್ನಾಗಿತ್ತು, ಹಿಂದಿನ ಬಲೆಯ ಮೇಲೆ ಮಕ್ಕಳ ಹುಟ್ಟುಹಬ್ಬದ ಬಲೂನು. ಇಂಥ ಫೋಟೋ ನೋಡಿದ ಮನೆಯವರು ಹಣ ಕೇಳದೆ ಇನ್ನೇನು ಕೇಳುತ್ತಾರೆ? ತಂಗಿಯ ನರ್ಸಿಂಗ್ ಫೀಸು, ಅಮ್ಮನ ಮೀನಿನ ವ್ಯಾಪಾರಕ್ಕೆ ಬಂಡವಾಳ, ಸೋದರಮಾವ ಏಜೆಂಟ್‌ಗಾಗಿ ಮಾಡಿದ ಸಾಲ. ಇವಕ್ಕೆಲ್ಲ ಆತ ಇಲ್ಲಿ ಕೈಸಾಲ ಮಾಡಿ ಮೊಬೈಲ್ ಮನಿಯಲ್ಲಿ ಕಳಿಸುತ್ತಿದ್ದ. ಡಿಸೆಂಬರಿಗೆ ಸೆವೆನ್ಸ್ ಶುರುವಾಗುತ್ತದೆ, ಅಷ್ಟರೊಳಗೆ ಮೈದಾನಕ್ಕಿಳಿದರೆ ಎಲ್ಲ ತೀರಿಸುತ್ತೇನೆ ಎಂಬ ಲೆಕ್ಕ. ಕದ್ದು ಓಡುತ್ತಿದ್ದದ್ದು ಅದಕ್ಕೇ.

"ದ್ರೋಗ್ಬಾ ಕೂಡ ತಡವಾಗಿಯೇ ಬೆಳಗಿದ್ದು, ಮೇಡಂ" ಎಂದ, ಐವರಿ ಕೋಸ್ಟಿನ ಆ ಹೆಸರಾಂತ ಫುಟ್‌ಬಾಲ್ ಆಟಗಾರನ ಬಗ್ಗೆ. ನಿಜವೇ. 2004ರಲ್ಲಿ ಇಂಗ್ಲೆಂಡಿನ ಚೆಲ್ಸಿ ಕ್ಲಬ್ಬಿಗೆ ಹೋದಾಗ ದ್ರೋಗ್ಬಾಗೆ 26. ಆದರೆ ಅದಕ್ಕೂ ಮೊದಲು ಲೆ ಮಾನ್, ಗ್ಯಾಂಗಾಂ, ಮಾರ್ಸೇ ಕ್ಲಬ್ಬುಗಳಲ್ಲಿ ಕರಾರಿನ ಮೇಲೆ ಆಡಿದವರು ಅವರು. "ನಿಮ್ಮ ಕೈಯಲ್ಲಿ ಈಗ ಯಾವ ಕರಾರಿದೆ?" ಎಂದು ಕೇಳಿದೆ. ಆ ದಿನ ಆತ ಮತ್ತೆ ಮಾತಾಡಲಿಲ್ಲ.

ನನಗೆ ಮುಖ್ಯವಾಗಿ ಕಂಡದ್ದು ಆ ಸೋದರಮಾವ. ಕೆ. ಅಕಾನ್ ಸಮುದಾಯದವನು, ಅವರಲ್ಲಿ ವಂಶ ತಾಯಿಯ ಕಡೆಯಿಂದ. ನಮ್ಮ ತುಳುನಾಡಿನ ಅಳಿಯಸಂತಾನ ಬಲ್ಲವರಿಗೆ ವಿವರಿಸಬೇಕಿಲ್ಲ, ಅಲ್ಲಿ ಅಮ್ಮನ ಅಣ್ಣನ ಮಾತಿಗೆ ತೂಕವೇ ಬೇರೆ. ನಿಜ ಹೇಳುವುದಾದರೆ ಮೊದಲು ಅಮ್ಮನಿಗೇ ಹೇಳಬೇಕು ಎಂದುಕೊಂಡು ಆತ ಹೆದರಿ ಕೂತಿದ್ದ. ಮೊದಲು ಮಾವನಿಗೆ ಹೇಳಿ, ಅಮ್ಮನಿಗೆ ಯಾವಾಗ, ಹೇಗೆ ಎಂಬುದನ್ನು ಅವರೊಂದಿಗೆ ಕೂಡಿ ತೀರ್ಮಾನಿಸಿ ಎಂದೆ. ಫೋನು ಬೇಡ, ಫೋನಿನಲ್ಲಿ ಆತ ಮತ್ತೆ ನಗುತ್ತಾನೆ. ವಾಯ್ಸ್ ಮೆಸೇಜ್ ಸಾಕು. ಅದರಲ್ಲಿ ಮಂಡಿ, ಸಂಬಳ, ಸಾಲದ ಮೊತ್ತ ಮೂರೂ ಇರಲಿ. ಕ್ಷಮೆ ಒಂದೇ ಸಲ ಇರಲಿ. ತಾಲೀಮನ್ನು ನನ್ನೆದುರೇ ಮಾಡಿದ. ಮೊದಲ ಸಲದ ರೆಕಾರ್ಡಿಂಗಿನ ತುಂಬ ಕ್ಷಮೆಯೇ ಇತ್ತು, ಮೊತ್ತ ಇರಲಿಲ್ಲ.

ಓಟದ ಬಗ್ಗೆ ಉಪದೇಶ ಮಾಡಲಿಲ್ಲ. ಒಂಬತ್ತು ತಿಂಗಳಿಗೆ ಮುಂಚೆ ಪಂದ್ಯಕ್ಕಿಳಿದವರಲ್ಲಿ ಮಂಡಿಗೆ ಮತ್ತೆ ಪೆಟ್ಟಾಗುವ ಅಪಾಯ ಹೆಚ್ಚು ಎಂಬುದನ್ನು ಫಿಸಿಯೋ ಬಾಯಿಂದಲೇ ಹೇಳಿಸಿದೆ. ಸ್ಟೇಟಸ್ ಫೋಟೋ ನಿಲ್ಲಿಸಿ ಎಂದೆ. ವಾದಿಸಿದ, ಕೊನೆಗೆ ಒಪ್ಪಿದ.

ಕಾಗದಪತ್ರ ನನ್ನ ಕೆಲಸವಲ್ಲ, ಆದರೂ ಇಂಥವರಿಗೆ ದಾರಿ ತೋರಿಸದೆ ಬರೀ ಮನಸ್ಸಿನ ಮಾತಾಡಿದರೆ ಏನು ಬಂತು? ಎರಡು ತಿಂಗಳ ಸಂಬಳ ಬಾಕಿಯಾದರೆ ಕ್ಲಬ್ಬಿಗೆ ಲಿಖಿತ ನೋಟಿಸ್ ಕೊಟ್ಟು, 15 ದಿನ ಕಾದು, ಆಮೇಲೆ ಕರಾರು ಮುರಿಯುವ ಹಕ್ಕು ಫಿಫಾ ನಿಯಮದಲ್ಲಿ 2018ರಿಂದ ಇದೆ. ಕೆ. ನೋಟಿಸ್ ಕೊಡದೆ ಬಂದದ್ದರಿಂದ ಕ್ಲಬ್ಬು ತಿರುಗಿ ಬೀಳಬಹುದು, ಆದರೆ ದುಡಿದ ತಿಂಗಳ ಬಾಕಿ ಕೇಳಲು ಅಡ್ಡಿಯಿಲ್ಲ. ಎರಡು ವರ್ಷದೊಳಗೆ ಫಿಫಾದ ಫುಟ್‌ಬಾಲ್ ನ್ಯಾಯಮಂಡಳಿಗೆ ದೂರು ಕೊಡಬೇಕು. ಆಟಗಾರರಿಗೆ ಅದರ ಶುಲ್ಕವಿಲ್ಲ. ಕರಾರು, ಬ್ಯಾಂಕ್ ಸ್ಟೇಟ್‌ಮೆಂಟ್, ಮ್ಯಾನೇಜರ್ ಜೊತೆಗಿನ ವಾಟ್ಸಾಪ್ ಮಾತುಕತೆ ತೆಗೆದುಕೊಂಡು ಆಟಗಾರರ ಸಂಘವನ್ನು ಸಂಪರ್ಕಿಸಲು ಹೇಳಿದೆ. ಉದ್ಯೋಗ ವೀಸಾ ಕೆಲಸ ಕೊಟ್ಟವರಿಗೆ ಅಂಟಿಕೊಂಡಿರುವಂಥದ್ದು; ಅವಧಿ ಮುಗಿಯುವ ಮೊದಲೇ ವಕೀಲರೊಬ್ಬರನ್ನು ಕರೆದುಕೊಂಡು ವಿದೇಶಿಯರ ನೋಂದಣಿ ಕಚೇರಿಯಾದ ಎಫ್‌ಆರ್‌ಆರ್‌ಒಗೆ ಹೋಗಿ, ಅಲ್ಲಿಯವರೆಗೆ ನಗದಿಗೆ ಆಡಬೇಡಿ ಎಂದೆ. ಮುಂದೆ ಯಾವ ಏಜೆಂಟ್ ಬಂದರೂ ಫಿಫಾ ಜಾಲತಾಣದ ಲೈಸೆನ್ಸ್ ಪಟ್ಟಿಯಲ್ಲಿ ಆತನ ಹೆಸರಿದೆಯೇ ನೋಡಿ ಎಂದೂ ಸೇರಿಸಿದೆ.

ಮಾವ ಒಂದು ವಾರ ಉತ್ತರಿಸಲಿಲ್ಲ. ಆಮೇಲೆ ಬಂದ ಮೆಸೇಜಿನಲ್ಲಿ ಬೈಗುಳ ಒಂದಿಷ್ಟು, ಸಾಲಕ್ಕೆ ಕಂತು ಕಟ್ಟಿಸಿಕೊಳ್ಳಲು ಒಪ್ಪಿಗೆ, ಮತ್ತು ಆ ಏಜೆಂಟ್‌ನ ಫೋನ್ ನಂಬರ್ ಬೇಕೆಂಬ ಕೋರಿಕೆ. ಅಮ್ಮನಿಗೆ ಮಂಡಿಯ ವಿಷಯ ಅವರೇ ತಿಳಿಸಿದರು. ಸಾಲದ ವಿಷಯ ಇನ್ನೂ ತಿಳಿಸಿಲ್ಲ, ನಾನೂ ಒತ್ತಾಯಿಸಿಲ್ಲ. ದೂರಿನ ಕಾಗದ ಸಿದ್ಧವಾಗುತ್ತಿದೆ. ಕೆ. ಈಗ ರಾತ್ರಿ ನಾಲ್ಕೈದು ಗಂಟೆ ಮಲಗುತ್ತಾನೆ. ಡಿಸೆಂಬರ್ ಲೆಕ್ಕವನ್ನು ಪೂರ್ತಿ ಬಿಟ್ಟಿದ್ದಾನೆಂದು ನಾನು ಹೇಳಲಾರೆ.