ಫಾರ್ಮ್ಯಾಟ್ ಮಾಡಿಸುವ ಮೊದಲು ಡಿಸ್ಕ್ ನೋಡಿ

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ತೀರ್ಥಹಳ್ಳಿ ಕಡೆ ತೋಟದ ಮನೆ. ಅಡಿಕೆ ಲೆಕ್ಕ, ನಮ್ಮ ಸ್ತ್ರೀಶಕ್ತಿ ಸಂಘದ ಲೆಕ್ಕ ಎರಡನ್ನೂ ನಾನೇ ಲ್ಯಾಪ್‌ಟಾಪಿನಲ್ಲಿ ಬರೆಯುತ್ತೇನೆ. 2018ರಲ್ಲಿ ತಗೊಂಡಿದ್ದು. 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಕೆಲವು ತಿಂಗಳಿಂದ ಪದೇ ಪದೇ ಹ್ಯಾಂಗ್ ಆಗುತ್ತಿದೆ. ಮೌಸ್ ಬಾಣ ಅಲ್ಲಾಡುವುದಿಲ್ಲ, ಏನು ಒತ್ತಿದರೂ ಸುಮ್ಮನೆ ಕೂತಿರುತ್ತದೆ. ಒಲೆ ಮೇಲಿನ ಹಾಲು ನೋಡಿ ಬರುವಷ್ಟರಲ್ಲಿ ತಾನೇ ಸರಿಯಾಗಿರುತ್ತದೆ. ಡಿ ಡ್ರೈವಿನಲ್ಲಿ ಮಗಳ ಮದುವೆ ಫೋಟೋ ಇರುವ ಫೋಲ್ಡರ್ ತೆಗೆದರಂತೂ ಹ್ಯಾಂಗ್ ಗ್ಯಾರಂಟಿ. ಬಿಸಿ ಏನೂ ಆಗುವುದಿಲ್ಲ. ಅಂಗಡಿಯವರು ಎರಡು ಸಲ ಫಾರ್ಮ್ಯಾಟ್ ಮಾಡಿಕೊಟ್ಟರು. ಸ್ವಲ್ಪ ದಿನ ಚೆನ್ನಾಗಿತ್ತು, ಆಮೇಲೆ ಮತ್ತೆ ಅದೇ ಕಥೆ. ಈಗ ಮದರ್‌ಬೋರ್ಡ್ ಹೋಗಿದೆ, ಹೊಸದೇ ತಗೊಳ್ಳಿ ಅಂತಾರೆ. ಏನು ಮಾಡಲಿ?

ಉತ್ತರ: ಹೊಸದರ ಯೋಚನೆ ಸದ್ಯಕ್ಕೆ ಬಿಡಿ ಅಕ್ಕ. ನೀವು ಬರೆದಿರುವುದರಲ್ಲೇ ಉತ್ತರ ಮುಕ್ಕಾಲು ಪಾಲು ಇದೆ.

ಮದರ್‌ಬೋರ್ಡೋ ರ‍್ಯಾಮೋ ಕೆಟ್ಟಿದ್ದರೆ ಸಾಮಾನ್ಯವಾಗಿ ನೀಲಿ ಪರದೆ ಬರುತ್ತದೆ, ಇಲ್ಲ ತಾನೇ ರೀಸ್ಟಾರ್ಟ್ ಆಗುತ್ತದೆ, ಇಲ್ಲವೇ ಪವರ್ ಬಟನ್ ಒತ್ತಿ ಹಿಡಿಯುವವರೆಗೂ ಹಾಗೇ ನಿಂತಿರುತ್ತದೆ. ಕಾದು ಕೂತರೆ ತಾನೇ ಬಿಟ್ಟುಕೊಡುವುದು ಅಪರೂಪ. ನಿಮ್ಮದು ಬಿಟ್ಟುಕೊಡುತ್ತಿದೆ. ಅದರಲ್ಲೂ ಒಂದೇ ಫೋಲ್ಡರ್ ತೆಗೆದಾಗ ಗ್ಯಾರಂಟಿ ಸಿಕ್ಕಿಹಾಕಿಕೊಳ್ಳುತ್ತದೆ. ನನ್ನ ಅನುಮಾನ ಪೂರ್ತಿ ಹಾರ್ಡ್ ಡಿಸ್ಕ್ ಮೇಲೆ.

ಹಳೇ ಕಾಲದ ಹಾರ್ಡ್ ಡಿಸ್ಕಿನೊಳಗೆ ತಿರುಗುವ ತಟ್ಟೆಗಳಿರುತ್ತವೆ. ಲ್ಯಾಪ್‌ಟಾಪಿನ ಡಿಸ್ಕ್ ಆದರೆ ಹೆಚ್ಚಾಗಿ ನಿಮಿಷಕ್ಕೆ 5400 ಸುತ್ತು. ತಟ್ಟೆಯ ಮೇಲೆ ಅಲ್ಲಲ್ಲಿ ಜಾಗ ಹಾಳಾದಾಗ ಓದುವ ಮುಳ್ಳು ಅದೇ ಜಾಗವನ್ನು ಮತ್ತೆ ಮತ್ತೆ ಓದಲು ನೋಡುತ್ತದೆ. ಅಲ್ಲಿಯವರೆಗೆ ವಿಂಡೋಸ್ ಬಾಯಿ ಮುಚ್ಚಿಕೊಂಡು ಕಾಯುತ್ತದೆ. ನಿಮಗೆ ಕಾಣುವುದು ಹ್ಯಾಂಗ್. ಅಷ್ಟರಲ್ಲಿ ಓದಲು ಬಂತೋ, ಇಲ್ಲ ಆಗದು ಅಂತ ಕೈಬಿಟ್ಟಿತೋ, ಬಾಣ ಮತ್ತೆ ಓಡಾಡುತ್ತದೆ.

ಫಾರ್ಮ್ಯಾಟ್ ಮಾಡಿದಾಗ ಸ್ವಲ್ಪ ದಿನ ಸರಿ ಇದ್ದದ್ದು ಯಾಕೆ ಅಂದರೆ, ಅಂಗಡಿಯಲ್ಲಿ ಮಾಡುವುದು ಸಾಮಾನ್ಯವಾಗಿ ಕ್ವಿಕ್ ಫಾರ್ಮ್ಯಾಟ್. ಅದು ತಟ್ಟೆ ಚೆನ್ನಾಗಿದೆಯಾ ಅಂತ ನೋಡುವುದೇ ಇಲ್ಲ. ವಿಂಡೋಸ್ ಹೊಸದಾಗಿ ಕೂತಾಗ ಫೈಲುಗಳು ಬೇರೆ ಜಾಗಕ್ಕೆ ಬಿದ್ದಿರುತ್ತವೆ, ಹಗುರ ಅನ್ನಿಸುತ್ತದೆ. ಏನೂ ನೋಡದೆ ಮೊದಲು ಫಾರ್ಮ್ಯಾಟ್‌ಗೆ ಕೈ ಹಾಕುವ ಅಭ್ಯಾಸ ನಮ್ಮ ಕಸುಬಿನಲ್ಲಿ ಜಾಸ್ತಿ. ನಾನೂ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಇದೇ ಕೆಲಸ ಮಾಡುವವನು, ಆದರೂ ಹೇಳುತ್ತೇನೆ. ಡಿಸ್ಕ್ ಪರೀಕ್ಷೆ ಮಾಡದೆ ಫಾರ್ಮ್ಯಾಟ್ ಮಾಡುವವರಿಗೆ ದುಡ್ಡು ಕೊಡಬೇಡಿ.

ಈಗ ಕೆಲಸಕ್ಕೆ ಬರೋಣ. ಪರೀಕ್ಷೆಗಿಂತ ಮೊದಲು ಕಾಪಿ. ಇವತ್ತೇ ಮಾಡಿ. ಒಂದು ಪೆನ್‌ಡ್ರೈವ್ ಅಥವಾ ಎಕ್ಸ್‌ಟರ್ನಲ್ ಡಿಸ್ಕ್ ಸಿಕ್ಕಿಸಿ, ಮೊದಲು ಲೆಕ್ಕದ ಫೈಲುಗಳನ್ನು ಹಾಕಿಕೊಳ್ಳಿ. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಅಡಿಕೆಯ ಒಂದೊಂದು ಬಗೆಗೂ ಕಾಲಂ ಮಾಡಿ ವರ್ಷಗಟ್ಟಲೆ ತುಂಬಿದ್ದನ್ನು ಮತ್ತೆ ಬರೆಯಲು ಆಗುತ್ತದಾ? ಸಂಘದ ಲೆಕ್ಕವಂತೂ ಹತ್ತು ಜನರಿಗೆ ಉತ್ತರ ಹೇಳಬೇಕಾದದ್ದು. ಮದುವೆ ಫೋಟೋ ಆಮೇಲೆ. ಆ ಫೋಲ್ಡರನ್ನು ಇಡಿಯಾಗಿ ಎಳೆಯಬೇಡಿ. ಇಪ್ಪತ್ತು ಮೂವತ್ತು ಫೋಟೋ ಆರಿಸಿ ಹಾಕಿ. ಯಾವುದಾದರೂ ಫೋಟೋದಲ್ಲಿ ಸಿಕ್ಕಿಕೊಂಡರೆ ಅದನ್ನು ಬಿಟ್ಟು ಮುಂದಿನದಕ್ಕೆ ಹೋಗಿ, ಹಠ ಮಾಡಬೇಡಿ. ನಡುವೆ ಟಕ್ ಟಕ್ ಅಂತ ಒಂದೇ ಸಮ ಸದ್ದು ಶುರುವಾದರೆ ಅಲ್ಲಿಗೇ ಆಫ್ ಮಾಡಿಬಿಡಿ. ಆಮೇಲೆ ಅದು ಡೇಟಾ ರಿಕವರಿ ಮಾಡುವವರ ಕೆಲಸ.

ಯಾರಾದರೂ ಚೆಕ್‌ಡಿಸ್ಕ್ ಅನ್ನುವ ವಿಂಡೋಸಿನದೇ ಪರೀಕ್ಷೆ ಓಡಿಸಿ ಅಂದರೆ, ಕಾಪಿ ಮುಗಿಯುವವರೆಗೆ ಬೇಡ ಅನ್ನಿ. 1 ಟಿಬಿ ಡಿಸ್ಕನ್ನು ಅದು ಮೂಲೆ ಮೂಲೆ ಓದಲು ಗಂಟೆಗಟ್ಟಲೆ ತಗೊಳ್ಳುತ್ತದೆ. ಸಾಯುತ್ತಿರುವ ಡಿಸ್ಕ್ ಅಷ್ಟು ಹೊತ್ತಿನ ಓಟ ತಡೆಯುತ್ತದೆ ಅನ್ನುವ ಭರವಸೆ ಇಲ್ಲ.

ಕಾಪಿ ಆದ ಮೇಲೆ ಪರೀಕ್ಷೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್ ಬರುತ್ತದೆ. ಪರ್ಫಾರ್ಮೆನ್ಸ್ ಅನ್ನುವಲ್ಲಿ ಡಿಸ್ಕ್ ಆರಿಸಿ, ಅದನ್ನು ತೆರೆದಿಟ್ಟೇ ಫೋಟೋ ಫೋಲ್ಡರಿಗೆ ಹೋಗಿ. ಡಿಸ್ಕ್ 100% ಅಂತ ತೋರಿಸುತ್ತಾ, ಓದುವ ವೇಗ ಮಾತ್ರ ಸೊನ್ನೆಯ ಹತ್ತಿರ ಇದ್ದರೆ ಕಳ್ಳ ಸಿಕ್ಕಿಬಿದ್ದ. ಅಲ್ಲೇ ಆವರೇಜ್ ರೆಸ್ಪಾನ್ಸ್ ಟೈಮ್ ಅಂತಲೂ ಇರುತ್ತದೆ. ಚೆನ್ನಾಗಿರುವ ಡಿಸ್ಕಿನಲ್ಲಿ ಅದು ಕೆಲವು ಹತ್ತು ಮಿಲಿಸೆಕೆಂಡಿನ ಆಸುಪಾಸು. ನಿಮ್ಮಲ್ಲಿ ಸಾವಿರಗಟ್ಟಲೆ ಕಂಡರೆ ಆಶ್ಚರ್ಯ ಬೇಡ.

ಖಚಿತ ಮಾಡಿಕೊಳ್ಳಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿ. ನೀಲಿ ಬಣ್ಣದಲ್ಲಿ ಗುಡ್ ಅಂತ ಬಂದರೆ ನನ್ನ ಅನುಮಾನ ದುರ್ಬಲವಾಯಿತು. ಹಳದಿಯಲ್ಲಿ ಕಾಷನ್ ಬಂದರೆ 05, ಸಿ5, ಸಿ6 ಅನ್ನುವ ಸಾಲುಗಳನ್ನು ನೋಡಿ. ಹಾಳಾದ ಜಾಗ, ಓದಲು ಬಾರದ ಜಾಗ ಎಷ್ಟಿದೆ ಅನ್ನುವ ಲೆಕ್ಕ ಅಲ್ಲಿರುತ್ತದೆ. ಆ ಪರದೆಯ ಫೋಟೋ ಮೊಬೈಲಿನಲ್ಲಿ ತೆಗೆದುಕೊಂಡು ಅಂಗಡಿಗೆ ಹೋಗಿ. ಆಗ ಮದರ್‌ಬೋರ್ಡ್ ಮಾತು ಬರುವುದಿಲ್ಲ.

ಡಿಸ್ಕೇ ಕೆಟ್ಟಿದೆ ಅಂತಾದರೆ ಅದೇ ಜಾಗಕ್ಕೆ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಕೂರುತ್ತದೆ. ಒಳಗೆ ತಿರುಗುವ ತಟ್ಟೆ ಇಲ್ಲ. ಹಳೇ ಡಿಸ್ಕ್ ಸೆಕೆಂಡಿಗೆ ಸುಮಾರು 100 ಎಂಬಿ ಓದಿದರೆ ಇದು 500 ಎಂಬಿ ಹತ್ತಿರ ಓದುತ್ತದೆ. ಹಳೆಯದರಲ್ಲಿ ಇದ್ದದ್ದನ್ನೆಲ್ಲ ಹಾಗೇ ಹೊಸದಕ್ಕೆ ನಕಲು (ಕ್ಲೋನ್) ಮಾಡಿಸಬೇಡಿ, ವಿಂಡೋಸ್ ಹೊಸದಾಗಿ ಹಾಕಿಸಿ. ತೆಗೆದ ಡಿಸ್ಕಿಗೆ ಯುಎಸ್‌ಬಿ ಡಬ್ಬಿ ಹಾಕಿ ಬ್ಯಾಕಪ್‌ಗೆ ಇಟ್ಟುಕೊಳ್ಳಿ ಅಂತ ಸಲಹೆ ಕೊಡುವವರೂ ಇದ್ದಾರೆ. ಬೇಡವೇ ಬೇಡ. ಜೊತೆಗೆ ರ‍್ಯಾಮ್ 8 ಜಿಬಿಗೆ ಏರಿಸಿದರೆ ಒಳ್ಳೆಯದು. ಟಾಸ್ಕ್ ಮ್ಯಾನೇಜರಿನಲ್ಲೇ ಮೆಮೊರಿ ಆರಿಸಿದರೆ ಎಷ್ಟು ಸ್ಲಾಟ್ ಖಾಲಿ ಇದೆ ಅಂತ ಗೊತ್ತಾಗುತ್ತದೆ, ಬಿಚ್ಚಿ ನೋಡಬೇಕಿಲ್ಲ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮದು ಇಂಟೆಲ್ ಆಗಿದ್ದರೆ ಎಂಟನೇ ತಲೆಮಾರಿನ ಪ್ರೊಸೆಸರಾ ಅಂತ ಕೇಳಿ. ಹೌದಾದರೆ 11 ಹಾಕಿಸಬಹುದು. 2018ರಲ್ಲಿ ಏಳನೆಯದೂ ಮಾರಾಟದಲ್ಲಿತ್ತು, ಅದಕ್ಕೇ ಕೇಳಿ ಅಂದೆ.

ಪ್ರಶ್ನೆ: ಅಣ್ಣ, ನಾನು ಸಾಗರದ ಡಿಗ್ರಿ ವಿದ್ಯಾರ್ಥಿ. ಗೇಮ್ ಆಡುವಾಗ ಅರ್ಧ ಗಂಟೆಗೆ ಲ್ಯಾಪ್‌ಟಾಪ್ ಜಗ್ಗಲು ಶುರು ಮಾಡಿ, ಆಮೇಲೆ ಪೂರ್ತಿ ನಿಂತು ಆಫ್ ಆಗುತ್ತದೆ. ಚಳಿಗೆ ಹಾಸಿಗೆ ಮೇಲೇ ಕೂತು ಆಡುತ್ತೇನೆ. ಮನೆ ಹಿಂದೆಯೇ ಅಡಿಕೆ ಬೇಯಿಸುವ ಒಲೆ ಇದೆ. ಅದರ ಹೊಗೆಯಿಂದ ಏನಾದರೂ ಆಗಿರಬಹುದಾ?

ಉತ್ತರ: ಆಗಿರಬಹುದು ತಮ್ಮ, ಆದರೆ ಮೊದಲ ಆರೋಪಿ ಹಾಸಿಗೆ. ಗಾಳಿ ಎಳೆದುಕೊಳ್ಳುವ ಕಿಂಡಿ ತಳದಲ್ಲಿರುತ್ತದೆ, ನೀನು ಅದನ್ನು ರಗ್ಗಿನಿಂದ ಮುಚ್ಚುತ್ತಿದ್ದೀಯ. ಪ್ರೊಸೆಸರ್ 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋದಾಗ ತಾನೇ ವೇಗ ಇಳಿಸಿಕೊಳ್ಳುತ್ತದೆ, ಅದೇ ನಿನ್ನ ಜಗ್ಗಾಟ. ಅದಕ್ಕೂ ಮೀರಿದರೆ ಸುಟ್ಟುಹೋಗದಿರಲಿ ಅಂತ ಆಫ್ ಆಗುತ್ತದೆ.

ಅಡಿಕೆ ಸುಗ್ಗಿ ಮುಗಿದ ಮೇಲೆ ನನ್ನ ಮೇಜಿಗೆ ಬರುವ ಲ್ಯಾಪ್‌ಟಾಪುಗಳ ಗುರುತು ಬೇರೆ. ತಳ ಬಿಚ್ಚಿ ಫ್ಯಾನ್ ತೆಗೆದರೆ, ಫ್ಯಾನಿಗೂ ತಾಮ್ರದ ಕೊಳವೆ ತುದಿಯ ತೆಳು ರೆಕ್ಕೆಗಳಿಗೂ ನಡುವೆ ಧೂಳು ಹಳೇ ಕಂಬಳಿ ತುಂಡಿನ ಹಾಗೆ ಗಟ್ಟಿಯಾಗಿ ಕೂತಿರುತ್ತದೆ. ಬರೀ ಧೂಳಾದರೆ ಊದಿದರೆ ಹೋಗುತ್ತದೆ. ಹೊಗೆಯ ಜಿಡ್ಡು ಸೇರಿದ್ದು ಹೋಗುವುದಿಲ್ಲ, ಚಿಮುಟದಿಂದ ಎತ್ತಬೇಕು. ಬಿಚ್ಚಿಸಿ ಸ್ವಚ್ಛ ಮಾಡಿಸು, ಪ್ರೊಸೆಸರಿನ ಬಿಸಿ ಹೊರಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿದ್ದರೆ ಬದಲಾಯಿಸಿಕೊಡಿ ಅನ್ನು. ಮನೆಯಲ್ಲಿ ನೀನೇ ಬ್ಲೋವರ್ ಹಿಡಿಯುವುದಾದರೆ ಫ್ಯಾನ್ ರೆಕ್ಕೆಯನ್ನು ಕಡ್ಡಿಯಿಂದ ತಡೆದು ಹಿಡಿ, ಗಾಳಿಗೆ ಗಿರ‍್ರನೆ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಮತ್ತೆ ಆಡುವಾಗ ಕೆಳಗೊಂದು ಹಲಗೆ ಇಟ್ಟುಕೋ.

ಪ್ರಶ್ನೆ: ಆಗುಂಬೆಯವರು ನಾವು. ಮಳೆಗಾಲದಲ್ಲಿ ಲ್ಯಾಪ್‌ಟಾಪನ್ನು ಅಕ್ಕಿ ಡಬ್ಬಿಯಲ್ಲಿ ಇಟ್ಟರೆ ಥಂಡಿ ಹಿಡಿಯುವುದಿಲ್ಲ ಅಂತಾರೆ. ನಿಜವಾ?

ಉತ್ತರ: ಹಾಗೆ ಇಡಬೇಡಿ. ಅಕ್ಕಿಯ ಹುಡಿ, ನುಸಿ ಎಲ್ಲ ಕಿಂಡಿಯೊಳಗೆ ಸೇರುತ್ತವೆ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ಮೀರಿ ಮಳೆ ಬೀಳುವ ಊರು ನಿಮ್ಮದು. ಅಕ್ಕಿಗೇ ಬೂಷ್ಟು ಹಿಡಿಯುತ್ತದೆ, ಅಲ್ವಾ? ದಿನಾ ಒಂದು ಗಂಟೆಯಾದರೂ ಲ್ಯಾಪ್‌ಟಾಪ್ ಓಡಿಸಿ, ಅದರ ಬಿಸಿಯೇ ಒಳಗಿನ ತೇವ ಆರಿಸುತ್ತದೆ. ತಿಂಗಳುಗಟ್ಟಲೆ ಮುಟ್ಟುವುದಿಲ್ಲ ಅಂತಾದರೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ, ಬ್ಯಾಟರಿ ಅರ್ಧ ಚಾರ್ಜ್ ಇರಲಿ. ಗುಡುಗು ಶುರುವಾದರೆ ಚಾರ್ಜರ್ ಅಷ್ಟೇ ಅಲ್ಲ, ಇಂಟರ್ನೆಟ್ಟಿನ ಲ್ಯಾನ್ ಕೇಬಲನ್ನೂ ಕಿತ್ತಿಡಿ. ಸಿಡಿಲಿನ ಹೊಡೆತ ಆ ತಂತಿಯಲ್ಲೂ ಬರುತ್ತದೆ.